ಲಾರಿಯ ಸ್ಟಾರ್ಟಿಂಗ್ ವ್ಯವಸ್ಥೆಯ ವಿದ್ಯುತ್ ದೋಷಗಳು

ಕೀಲಿ ತಿರುಗಿಸಿದಾಗ ಲಾರಿಯ ಎಂಜಿನ್ ಚಾಲನೆಗೊಳ್ಳದಂತೆ ಮಾಡುವ, ಬ್ಯಾಟರಿ, ಸ್ಟಾರ್ಟರ್ ಮೋಟಾರು ಹಾಗೂ ಅವೆರಡನ್ನು ಕೂಡಿಸುವ ತಂತಿ ಮತ್ತು ಸ್ವಿಚ್ಚುಗಳಲ್ಲಿ ಉಂಟಾಗುವ ತೊಂದರೆಗಳನ್ನು ಲಾರಿಯ ಸ್ಟಾರ್ಟಿಂಗ್ ವ್ಯವಸ್ಥೆಯ ವಿದ್ಯುತ್ ದೋಷಗಳು ಎಂದು ಕರೆಯಲಾಗುತ್ತದೆ. ಲಾರಿ ಚಾಲನೆಗೊಳ್ಳದಿದ್ದಾಗ ಮೊದಲು ಸಂಶಯಕ್ಕೆ ಗುರಿಯಾಗುವುದು ಬ್ಯಾಟರಿ. ಆದರೆ ಅನೇಕ ವೇಳೆ ದೋಷವು ಬ್ಯಾಟರಿಯಲ್ಲಾಗಲಿ ಮೋಟಾರಿನಲ್ಲಾಗಲಿ ಇರದೆ, ಅವುಗಳ ನಡುವಿನ ಕಿಲುಬು ಹಿಡಿದ ಅಥವಾ ಸಡಿಲಗೊಂಡ ಒಂದು ಜೋಡಣೆಯಲ್ಲಿ ಇರುತ್ತದೆ. ಇದನ್ನು ಪರೀಕ್ಷಿಸದೆ ಹೊಸ ಬ್ಯಾಟರಿ ತಂದು ಹಾಕಿದರೆ ಹಣ ಖರ್ಚಾಗುತ್ತದೆಯೇ ಹೊರತು ದೋಷ ಹಾಗೆಯೇ ಉಳಿಯುತ್ತದೆ.

ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಶಿರೋಳ ಮತ್ತು ಸುತ್ತಲಿನ ಎರೆಭೂಮಿಯ ಗ್ರಾಮಗಳಲ್ಲಿ ಹತ್ತಿ, ಕಡಲೆ, ಜೋಳ, ಗೋವಿನಜೋಳ, ಉಳ್ಳಾಗಡ್ಡಿ ಮೊದಲಾದ ಬೆಳೆಗಳು ಲಾರಿಗಳ ಮೂಲಕವೇ ಪೇಟೆ ಸೇರುತ್ತವೆ. ನರಗುಂದದ ಮೂಲಕ ಹಾದುಹೋಗುವ ಹುಬ್ಬಳ್ಳಿ–ವಿಜಯಪುರ ಹೆದ್ದಾರಿ (ರಾಷ್ಟ್ರೀಯ ಹೆದ್ದಾರಿ 52) ಈ ಸಾಗಣೆಯ ಮುಖ್ಯ ಮಾರ್ಗ. ಹುಬ್ಬಳ್ಳಿಯ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆಗೆ ಹೊರಟ ಉಳ್ಳಾಗಡ್ಡಿಯ ಲಾರಿ ಮಳೆಯಲ್ಲಿ ಒಂದು ರಾತ್ರಿ ನಿಂತರೆ ಮಾಲು ಬೆವರಿ ಕೊಳೆಯತೊಡಗುತ್ತದೆ. ಮರುದಿನದ ಧಾರಣೆಯೂ ಬೇರೆಯಾಗಿರಬಹುದು. ಸ್ವಂತ ಲಾರಿಯನ್ನು ತಾವೇ ಓಡಿಸುವವರಿಗೆ ಈ ದೋಷಗಳ ತಿಳಿವಳಿಕೆ ಹೆಚ್ಚು ಬೇಕಾಗುವುದು ಈ ಕಾರಣದಿಂದ.

ಪದಬಳಕೆ

ಉತ್ತರ ಕರ್ನಾಟಕದ ಗ್ಯಾರೇಜುಗಳಲ್ಲಿ ಸ್ಟಾರ್ಟರ್ ಮೋಟಾರಿಗೆ ‘ಸೆಲ್ಫ್’ ಎಂದೇ ಹೆಸರು. ‘ಸೆಲ್ಫ್ ಸ್ಟಾರ್ಟರ್’ ಎಂಬುದರ ಮೊದಲ ಪದ ಮಾತ್ರ ಉಳಿದುಕೊಂಡಿದೆ. ‘ಸೆಲ್ಫ್ ತಗೊಳವಲ್ದು’ ಎಂದರೆ ಕೀಲಿ ತಿರುಗಿಸಿದರೂ ಮೋಟಾರು ಎಂಜಿನನ್ನು ತಿರುಗಿಸುತ್ತಿಲ್ಲ ಎಂದರ್ಥ. ಈಗಿನ ಲಾರಿಗಳಲ್ಲಿ ಬ್ಯಾಟರಿಯನ್ನು ಚಾರ್ಜು ಮಾಡುವುದು ಆಲ್ಟರ್ನೇಟರ್ ಆದರೂ ಹಳೆಯ ರೂಢಿಯಂತೆ ಅದನ್ನು ‘ಡೈನಮೋ’ ಎಂದೇ ಕರೆಯುತ್ತಾರೆ. ಚಾಸಿಯ ಮೂಲಕ ಬ್ಯಾಟರಿಗೆ ಹಿಂದಿರುಗುವ ದಾರಿಗೆ ‘ಅರ್ಥ್’ ಎನ್ನುತ್ತಾರೆ. ‘ಬ್ಯಾಟರಿ ಡೌನ್ ಆಗೇತಿ’ ಎಂಬ ಮಾತು ಚಾರ್ಜು ಇಳಿದ ಬ್ಯಾಟರಿಗೂ ಆಯುಷ್ಯ ಮುಗಿದ ಬ್ಯಾಟರಿಗೂ ಒಂದೇ ರೀತಿ ಬಳಕೆಯಾಗುತ್ತದೆ. ಇವೆರಡೂ ಬೇರೆ ಸ್ಥಿತಿಗಳು. ಮೊದಲನೆಯದಕ್ಕೆ ಚಾರ್ಜು ಸಾಕು, ಎರಡನೆಯದಕ್ಕೆ ಬದಲಾವಣೆಯೇ ಬೇಕು.

ರಚನೆ

ಮೋಟಾರು ವಾಹನಗಳ ಎಂಜಿನನ್ನು ಮೊದಲು ಕೈ ಹಿಡಿಕೆಯಿಂದ ತಿರುಗಿಸಿ ಚಾಲನೆ ಮಾಡಲಾಗುತ್ತಿತ್ತು. ಹಿಡಿಕೆ ಹಿಂದಕ್ಕೆ ಒದ್ದು ಕೈ ಮುರಿಯುವ ಅಪಘಾತಗಳು ಸಾಮಾನ್ಯವಾಗಿದ್ದವು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ಅದಕ್ಕೆ ಶಕ್ತಿ ಒದಗಿಸುವ ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿಯೇ ಕಂಡುಹಿಡಿದಿದ್ದನು.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿದ ಗಾಳಿಯ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಹೀಗಾಗಿ ಹಳೆಯ ಡೀಸೆಲ್ ಲಾರಿಯಲ್ಲಿ ವಿದ್ಯುತ್ತಿಗೆ ಇದ್ದ ಕೆಲಸ ಒಂದೇ: ಎಂಜಿನನ್ನು ಸಾಕಷ್ಟು ವೇಗವಾಗಿ ತಿರುಗಿಸುವುದು. ಒಮ್ಮೆ ಚಾಲನೆಗೊಂಡ ಮೇಲೆ ಬ್ಯಾಟರಿಯ ತಂತಿ ಕಳಚಿದರೂ ಅಂತಹ ಎಂಜಿನ್ ಓಡುತ್ತಲೇ ಇರುತ್ತಿತ್ತು. ನಿಲ್ಲಿಸಲು ಕ್ಯಾಬಿನ್ನಿನಲ್ಲಿದ್ದ ಸ್ಟಾಪ್ ಕೇಬಲ್ ಎಳೆಯಬೇಕಾಗುತ್ತಿತ್ತು.

ಭಾರೀ ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯಲಾಗುತ್ತದೆ. ಸಣ್ಣ ಸರಕು ವಾಹನಗಳಲ್ಲಿ 12 ವೋಲ್ಟ್ ಇರುತ್ತದೆ. ಮಂಡಲದಲ್ಲಿ ಎರಡು ದಾರಿಗಳಿವೆ. ಕೀಲಿ, ರಿಲೇ, ಸಣ್ಣ ತಂತಿಗಳ ಮೂಲಕ ಸೊಲೆನಾಯ್ಡಿಗೆ ಹೋಗುವುದು ಆಜ್ಞೆಯ ದಾರಿ. ಇದರಲ್ಲಿ ಹರಿಯುವ ವಿದ್ಯುತ್ ಕಡಿಮೆ. ಬ್ಯಾಟರಿಯಿಂದ ದಪ್ಪ ಕೇಬಲ್ಲಿನ ಮೂಲಕ ಸೊಲೆನಾಯ್ಡಿನ ತಾಮ್ರದ ಸಂಪರ್ಕಗಳನ್ನು ದಾಟಿ ಮೋಟಾರಿಗೆ ಹೋಗಿ, ಎಂಜಿನ್ ಮತ್ತು ಚಾಸಿಯ ಮೂಲಕ ಬ್ಯಾಟರಿಗೆ ಮರಳುವುದು ಶಕ್ತಿಯ ದಾರಿ. ಇದರಲ್ಲಿ ಹಲವು ನೂರು ಆಂಪಿಯರ್ ಹರಿಯುತ್ತದೆ. ಸೊಲೆನಾಯ್ಡ್ ಈ ಎರಡು ದಾರಿಗಳ ನಡುವಿನ ಬಾಗಿಲು: ಆಜ್ಞೆ ಬಂದಾಗ ಅದು ಸೆಲ್ಫಿನ ಸಣ್ಣ ಹಲ್ಲುಚಕ್ರವನ್ನು ಫ್ಲೈವ್ಹೀಲಿನ ಹಲ್ಲುಗಳಿಗೆ ಕೂಡಿಸಿ, ಅದೇ ಎಳೆತದಲ್ಲಿ ದಪ್ಪ ಸಂಪರ್ಕಗಳನ್ನೂ ಮುಚ್ಚುತ್ತದೆ.

ಲಕ್ಷಣಗಳು

ದೋಷ ಯಾವ ದಾರಿಯಲ್ಲಿದೆ ಎಂಬುದನ್ನು ಉಪಕರಣ ಕೈಗೆತ್ತಿಕೊಳ್ಳುವ ಮೊದಲೇ ಕಿವಿಯಿಂದಲೂ ಹೆಡ್‌ಲೈಟಿನಿಂದಲೂ ಬಹುಮಟ್ಟಿಗೆ ನಿರ್ಧರಿಸಬಹುದು. ಹೆಡ್‌ಲೈಟ್ ಹಚ್ಚಿ, ಒಬ್ಬರು ಕೀಲಿ ತಿರುಗಿಸುವಾಗ ಇನ್ನೊಬ್ಬರು ದೀಪವನ್ನು ನೋಡುತ್ತ ಶಬ್ದವನ್ನು ಕೇಳಬೇಕು.

ದೀಪವೂ ಇಲ್ಲ, ಶಬ್ದವೂ ಇಲ್ಲ ಎಂದಾದರೆ ಬ್ಯಾಟರಿಯ ಮುಖ್ಯ ಸ್ವಿಚ್, ಮುಖ್ಯ ಫ್ಯೂಸ್ ಮತ್ತು ಟರ್ಮಿನಲ್ಲುಗಳನ್ನು ಮೊದಲು ನೋಡಬೇಕು. ದುರಸ್ತಿಗೆಂದು ಆರಿಸಿದ ಮುಖ್ಯ ಸ್ವಿಚ್ಚನ್ನು ಮತ್ತೆ ಹಾಕಲು ಮರೆತಿರುವುದು ಅಪರೂಪವೇನಲ್ಲ. ದೀಪ ಪ್ರಖರವಾಗಿಯೇ ಇದ್ದು ಕೀಲಿ ತಿರುಗಿಸಿದಾಗ ಯಾವ ಶಬ್ದವೂ ಬಾರದಿದ್ದರೆ ಆಜ್ಞೆಯ ದಾರಿ ತುಂಡಾಗಿದೆ ಎಂದು ತಿಳಿಯಬಹುದು. ಕೀಲಿಯ ಸ್ವಿಚ್, ಸ್ಟಾರ್ಟರ್ ರಿಲೇ, ಅದರ ಫ್ಯೂಸ್, ಗೇರ್ ನ್ಯೂಟ್ರಲ್‌ನಲ್ಲಿದ್ದಾಗ ಅಥವಾ ಕ್ಲಚ್ ಒತ್ತಿದಾಗ ಮಾತ್ರ ಆಜ್ಞೆಯನ್ನು ಬಿಡುವ ಸುರಕ್ಷತಾ ಸ್ವಿಚ್, ಸೊಲೆನಾಯ್ಡಿನ ಸಣ್ಣ ತಂತಿ ಇವುಗಳಲ್ಲಿ ಒಂದು ಕೆಟ್ಟಿರುತ್ತದೆ. ಸಣ್ಣ ತಂತಿ ಅಲುಗಾಟದಿಂದ ಕಳಚಿಬಿದ್ದಿರುವುದೂ ಉಂಟು.

ಕೀಲಿ ತಿರುಗಿಸಿದಾಗ ‘ಟಕ್’ ಎಂದು ಒಂದೇ ಗಟ್ಟಿ ಶಬ್ದ ಬಂದು ನಿಂತರೆ ಸೊಲೆನಾಯ್ಡ್ ತನ್ನ ಕೆಲಸ ಆರಂಭಿಸಿದೆ, ಆದರೆ ಶಕ್ತಿ ಮೋಟಾರನ್ನು ತಿರುಗಿಸಿಲ್ಲ. ಒಳಗಿನ ತಾಮ್ರದ ಸಂಪರ್ಕ ಸುಟ್ಟಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು, ದಪ್ಪ ಕೇಬಲ್ಲಿನ ಜೋಡಣೆ ಕೆಟ್ಟಿರಬಹುದು. ಎಂಜಿನೇ ಬಿಗಿದುಕೊಂಡಿರುವ ಸಾಧ್ಯತೆಯನ್ನೂ ಮರೆಯಬಾರದು. ‘ಟಕಟಕ’ ಎಂದು ಬೇಗಬೇಗನೆ ಬಡಿದುಕೊಂಡರೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ಸೊಲೆನಾಯ್ಡಿನಲ್ಲಿ ಎಳೆಯುವ ಸುರುಳಿ ಮತ್ತು ಹಿಡಿದಿಡುವ ಸುರುಳಿ ಎಂದು ಎರಡಿರುತ್ತವೆ. ಸಂಪರ್ಕ ಮುಚ್ಚಿದ ಕ್ಷಣ ಮೋಟಾರು ವಿದ್ಯುತ್ತನ್ನು ಸೆಳೆದು ವೋಲ್ಟೇಜ್ ಕುಸಿದಾಗ ಹಿಡಿದಿಡುವ ಸುರುಳಿಗೆ ಬಲ ಸಾಲದೆ ಸಂಪರ್ಕ ಬಿಟ್ಟುಕೊಳ್ಳುತ್ತದೆ. ಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಇದೇ ಆ ಬಡಿತದ ಕಾರಣ. ಈ ಶಬ್ದ ಕೇಳಿ ಸೊಲೆನಾಯ್ಡನ್ನೇ ಬದಲಾಯಿಸುವುದು ವ್ಯರ್ಥ.

ಸೆಲ್ಫ್ ಮಾತ್ರ ವೇಗವಾಗಿ ತಿರುಗಿ ಎಂಜಿನ್ ಅಲುಗದಿದ್ದರೆ ಬೆಂಡಿಕ್ಸ್ ಅಥವಾ ಫ್ಲೈವ್ಹೀಲಿನ ಹಲ್ಲು ಸವೆದಿರುತ್ತದೆ. ಅದು ಯಾಂತ್ರಿಕ ದೋಷ. ಕೀಲಿ ಬಿಟ್ಟ ಮೇಲೂ ಸೆಲ್ಫ್ ನಿಲ್ಲದಿದ್ದರೆ ಸಂಪರ್ಕಗಳು ಬೆಸೆದುಕೊಂಡಿವೆ. ತಡಮಾಡದೆ ಮುಖ್ಯ ಸ್ವಿಚ್ ಆರಿಸಬೇಕು.

ಕೆಟ್ಟ ಜೋಡಣೆ

ದೀಪ ಚೆನ್ನಾಗಿ ಉರಿಯುತ್ತಿದೆ, ಹಾರ್ನ್ ಗಟ್ಟಿಯಾಗಿ ಕೂಗುತ್ತದೆ, ಆದರೂ ಸೆಲ್ಫ್ ತಿರುಗುವುದಿಲ್ಲ. ದಾರಿಯಲ್ಲಿ ಎಲ್ಲರನ್ನೂ ಗೊಂದಲಕ್ಕೀಡುಮಾಡುವ ಪರಿಸ್ಥಿತಿ ಇದು. ಇದರ ವಿವರಣೆ ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಬರುವ ಓಮನ ನಿಯಮದಲ್ಲಿಯೇ ಇದೆ. ಒಂದು ರೋಧದಲ್ಲಿ ಕಳೆದುಹೋಗುವ ವೋಲ್ಟೇಜ್, ಅದರಲ್ಲಿ ಹರಿಯುವ ವಿದ್ಯುತ್ ಮತ್ತು ಆ ರೋಧದ ಗುಣಲಬ್ಧಕ್ಕೆ ಸಮ.

ಟರ್ಮಿನಲ್ಲಿನಲ್ಲಿ ಕಿಲುಬು ಕಟ್ಟಿ ಒಂದು ಓಮಿನ ನೂರನೆಯ ಒಂದು ಭಾಗದಷ್ಟು, ಅಂದರೆ 0.01 ಓಮ್ ರೋಧ ಉಂಟಾಗಿದೆ ಎಂದುಕೊಳ್ಳೋಣ. ಎರಡು ಹೆಡ್‌ಲೈಟುಗಳು ಒಟ್ಟಿಗೆ ಸುಮಾರು 6 ಆಂಪಿಯರ್ ಸೆಳೆದರೆ ಅಲ್ಲಿ ಕಳೆಯುವುದು 0.06 ವೋಲ್ಟ್, ದೀಪಕ್ಕೆ ಅದು ಗೊತ್ತೂ ಆಗದು. ಸೆಲ್ಫ್ 400 ಆಂಪಿಯರ್ ಸೆಳೆಯಲು ಹೊರಟರೆ ಅದೇ ಜಾಗದಲ್ಲಿ 4 ವೋಲ್ಟ್ ಕಳೆದುಹೋಗುತ್ತದೆ. ಆ 4 ವೋಲ್ಟ್, 400 ಆಂಪಿಯರ್ ಸೇರಿ 1600 ವ್ಯಾಟ್ ಶಾಖವಾಗುತ್ತದೆ. ಅಡುಗೆಮನೆಯ ವಿದ್ಯುತ್ ಒಲೆಯೊಂದು ಕೊಡುವಷ್ಟು ಬಿಸಿ ಒಂದು ಬೋಲ್ಟಿನ ಬುಡದಲ್ಲಿ ಹುಟ್ಟುತ್ತದೆ. ಆದ್ದರಿಂದ ಕೆಲವು ಸೆಕೆಂಡು ಕೀಲಿ ತಿರುಗಿಸಿ ಬಿಟ್ಟ ನಂತರ ಒಂದೊಂದೇ ಜೋಡಣೆಯ ಬಳಿಗೆ ಕೈಯ ಹಿಂಭಾಗವನ್ನು ಒಯ್ದು ನೋಡಿದರೆ, ಬಿಸಿಯಾದ ಜೋಡಣೆಯೇ ಕೆಟ್ಟ ಜೋಡಣೆ. ಮೀಟರ್ ಇಲ್ಲದವರಿಗೆ ಇದಕ್ಕಿಂತ ನಂಬಲರ್ಹವಾದ ಪರೀಕ್ಷೆ ಇಲ್ಲ.

ಟೆಸ್ಟ್ ಲ್ಯಾಂಪ್ ಈ ದೋಷವನ್ನು ತೋರಿಸಲಾರದು. ಅದು ಸೆಳೆಯುವ ವಿದ್ಯುತ್ ಅತ್ಯಲ್ಪವಾದ್ದರಿಂದ ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದ ಕೇಬಲ್ಲಿನಲ್ಲಿಯೂ ಪೂರ್ಣ ಉರಿಯುತ್ತದೆ. ಅದೇ ರೀತಿ ನಿಂತ ಲಾರಿಯಲ್ಲಿ ಮೀಟರ್ 25 ವೋಲ್ಟ್ ತೋರಿಸಿತು ಎಂದು ತೃಪ್ತಿಪಡುವುದೂ ಸರಿಯಲ್ಲ. ಅಳತೆಯನ್ನು ಸೆಲ್ಫ್ ತಿರುಗಿಸುವಾಗಲೇ ಮಾಡಬೇಕು.

ಅದರ ಕ್ರಮ ಹೀಗಿದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ಧ್ರುವದ ಸೀಸದ ಗೂಟಕ್ಕೇ ತಾಗಿಸಬೇಕು. ಮೇಲಿನ ಕ್ಲ್ಯಾಂಪಿಗೆ ತಾಗಿಸಿದರೆ ಅವೆರಡರ ನಡುವಿನ ಕಿಲುಬು ಲೆಕ್ಕಕ್ಕೆ ಸಿಗದು. ಇನ್ನೊಂದು ಕಡ್ಡಿಯನ್ನು ಸೆಲ್ಫಿನ ದಪ್ಪ ಬೋಲ್ಟಿಗೆ ಹಿಡಿದು, ಕ್ಲೀನರ್ ಕೀಲಿ ತಿರುಗಿಸಿದಾಗ ಕಾಣುವ ಅಂಕಿಯೇ ದಾರಿಯಲ್ಲಿ ಕಳೆದ ವೋಲ್ಟೇಜ್. 24 ವೋಲ್ಟಿನ ಲಾರಿಯಲ್ಲಿ ಇದು 1 ವೋಲ್ಟನ್ನೂ 12 ವೋಲ್ಟಿನದರಲ್ಲಿ ಅರ್ಧ ವೋಲ್ಟನ್ನೂ ಮೀರಬಾರದು. ಮೀರಿದರೆ ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ತರುತ್ತ ಬಂದಲ್ಲಿ ಅಂಕಿ ಥಟ್ಟನೆ ಇಳಿಯುವ ಜಾಗ ಸಿಗುತ್ತದೆ. ಎರಡು ಬ್ಯಾಟರಿಗಳನ್ನು ಕೂಡಿಸುವ ಗಿಡ್ಡ ಕೇಬಲ್ಲನ್ನೂ ಹೀಗೆಯೇ ನೋಡಬೇಕು. ನಂತರ ಎಂಜಿನ್ನಿನ ಲೋಹದ ಮೈಯಿಂದ ಬ್ಯಾಟರಿಯ ಋಣ ಧ್ರುವದವರೆಗೆ ಇದೇ ಅಳತೆ ಮಾಡಬೇಕು.

ಈ ಎರಡನೆಯ ಅಳತೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಆದ್ದರಿಂದ ಎಂಜಿನ್ನಿನಿಂದ ಚಾಸಿಗೆ ತಾಮ್ರದ ಹೆಣೆದ ಪಟ್ಟಿಯೊಂದನ್ನು ಅರ್ಥ್ ಆಗಿ ಕಟ್ಟಿರುತ್ತಾರೆ. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದ ದಾರಿಯಲ್ಲಿ ಓಡಾಡಿದ ಲಾರಿಯ ಕೆಳಭಾಗಕ್ಕೆ ಮೆತ್ತಿದ ಕೆಸರು ವಾರಗಟ್ಟಲೆ ತೇವ ಹಿಡಿದಿಟ್ಟು ಈ ಪಟ್ಟಿಯನ್ನು ತಿನ್ನುತ್ತದೆ. ಚಾಸಿಗೆ ಹೊಸದಾಗಿ ಬಣ್ಣ ಬಳಿದು, ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಾಗಲೂ ಇದೇ ತೊಂದರೆ. ಪಟ್ಟಿ ಪೂರ್ತಿ ತುಂಡಾದರೆ ವಿದ್ಯುತ್ ಕ್ಲಚ್ ಅಥವಾ ಆಕ್ಸಿಲರೇಟರಿನ ತಂತಿಯ ಮೂಲಕ ದಾರಿ ಹುಡುಕಿಕೊಂಡು ಅದನ್ನು ಕಾಯಿಸಿ ಸುಡುತ್ತದೆ.

ಟರ್ಮಿನಲ್ಲಿನ ಬಿಳಿ ಅಥವಾ ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯಬಹುದು. ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಗೂಟವನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಆಮೇಲೆ ಮೇಲಿನಿಂದ ವ್ಯಾಸಲಿನ್ ಹಚ್ಚುತ್ತಾರೆ.

ಬ್ಯಾಟರಿ

ಜೋಡಣೆಗಳು ಸರಿ ಇವೆ ಎಂದು ಖಚಿತವಾದ ಬಳಿಕ ಬ್ಯಾಟರಿಯ ಸರದಿ. ಕೆಲವು ಗಂಟೆ ಸುಮ್ಮನಿದ್ದ, ಪೂರ್ಣ ಚಾರ್ಜಾದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ರ ಹೊತ್ತಿಗೆ ಅರ್ಧ ಚಾರ್ಜು ಮುಗಿದಿರುತ್ತದೆ. ಸೆಲ್ಫ್ ತಿರುಗಿಸುವಾಗ ಪ್ರತಿ ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು. ಎರಡನ್ನೂ ಬೇರೆಬೇರೆಯಾಗಿ ಅಳೆಯುವುದು ಅಗತ್ಯ. ಒಟ್ಟು ಅಂಕಿ ಒಂದರ ದೌರ್ಬಲ್ಯವನ್ನು ಮರೆಮಾಚುತ್ತದೆ. ಬಿರಡೆ ತೆಗೆಯಬಹುದಾದ ಬ್ಯಾಟರಿಯಲ್ಲಿ ಹೈಡ್ರೋಮೀಟರಿನಿಂದ ಪ್ರತಿ ಕೋಶದ ಆಮ್ಲದ ಸಾಂದ್ರತೆಯನ್ನು ನೋಡಬಹುದು. ಐದು ಕೋಶಗಳು ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ ಬಹಳ ಕಡಿಮೆ ತೋರಿಸಿದರೆ ಆ ಬ್ಯಾಟರಿಯ ಆಯುಷ್ಯ ಮುಗಿದಿದೆ. ಆರೂ ಸಮನಾಗಿ ಕಡಿಮೆ ಇದ್ದರೆ ಅದಕ್ಕೆ ಬೇಕಾದುದು ಚಾರ್ಜು ಮಾತ್ರ.

ನಮ್ಮ ಲಾರಿಗಳಲ್ಲಿ ಹೆಚ್ಚಾಗಿ ಕಾಣುವ ಒಂದು ದೋಷವನ್ನು ಇಲ್ಲಿ ಹೇಳಬೇಕು. ಹಾಡಿನ ಯಂತ್ರ, ಮೊಬೈಲ್ ಚಾರ್ಜರ್, ಅಲಂಕಾರದ ದೀಪಗಳು 12 ವೋಲ್ಟಿನವಾಗಿದ್ದರೆ ಅವುಗಳ ತಂತಿಯನ್ನು ಎರಡರಲ್ಲಿ ಒಂದೇ ಬ್ಯಾಟರಿಯಿಂದ ಎಳೆದುಕೊಳ್ಳುವ ರೂಢಿ ಇದೆ. ಆಗ ಆ ಬ್ಯಾಟರಿ ಸದಾ ಅರೆ ಚಾರ್ಜಿನಲ್ಲಿ ಉಳಿಯುತ್ತದೆ. ಆಲ್ಟರ್ನೇಟರ್ ಎರಡಕ್ಕೂ ಸೇರಿ 28 ವೋಲ್ಟಿನ ಆಸುಪಾಸಿನಲ್ಲಿ ಕೊಡುವುದರಿಂದ ಇನ್ನೊಂದರ ಪಾಲಿಗೆ ಹೆಚ್ಚು ವೋಲ್ಟೇಜ್ ಬಿದ್ದು ಅದರ ನೀರು ಕುದಿದು ಬತ್ತುತ್ತದೆ. ಹೀಗೆ ಒಂದು ಹಸಿವಿನಿಂದ, ಇನ್ನೊಂದು ಅಜೀರ್ಣದಿಂದ ಕೆಡುತ್ತವೆ. ಇದಕ್ಕೆ 24 ವೋಲ್ಟನ್ನು 12ಕ್ಕೆ ಇಳಿಸುವ ಸಣ್ಣ ಸಾಧನ ದೊರೆಯುತ್ತದೆ. ಅದರ ಬೆಲೆ ಒಂದು ಬ್ಯಾಟರಿಯ ಬೆಲೆಗಿಂತ ಬಹಳ ಕಡಿಮೆ. ಒಂದು ಹಳೆಯ ಬ್ಯಾಟರಿಯ ಜೊತೆ ಒಂದು ಹೊಸದನ್ನು ಕೂಡಿಸುವುದೂ ಇದೇ ಅಸಮತೋಲಕ್ಕೆ ದಾರಿ ಮಾಡುತ್ತದೆ. ಬದಲಾಯಿಸಿದರೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು.

ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತದೆ. ಅದರ ಬದಲಿಗೆ ಡಿಸ್ಟಿಲ್ಡ್ ವಾಟರ್ ಅಲ್ಲದೆ ಬೇರೇನನ್ನೂ ಹಾಕಬಾರದು. ಎರೆಭೂಮಿಯ ಕೊಳವೆಬಾವಿಗಳ ನೀರು ಹಲವೆಡೆ ಸವಳು. ಅದರಲ್ಲಿನ ಲವಣಗಳು ಸೀಸದ ಫಲಕಗಳನ್ನು ಹಾಳುಮಾಡುತ್ತವೆ. ಆಮ್ಲವನ್ನೇ ಸುರಿದು ‘ಜೋರು’ ಮಾಡುವುದಂತೂ ಬ್ಯಾಟರಿಯನ್ನು ಬೇಗ ಮುಗಿಸುವ ಉಪಾಯ.

ಎಂಜಿನ್ ತಿರುಗಿದರೂ ಹೊತ್ತದಿದ್ದಾಗ

ಸೆಲ್ಫ್ ಎಂಜಿನನ್ನು ಚುರುಕಾಗಿ ತಿರುಗಿಸಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಬ್ಯಾಟರಿ ಮತ್ತು ಸೆಲ್ಫುಗಳ ಮೇಲಿನ ಸಂಶಯವನ್ನು ಬಿಡಬೇಕು. ಡೀಸೆಲ್ ಮುಗಿದಿರುವುದು, ಕೊಳವೆಯಲ್ಲಿ ಗಾಳಿ ಸೇರಿರುವುದು, ಫಿಲ್ಟರ್ ಕಟ್ಟಿರುವುದು ವಿದ್ಯುತ್ತಿಗೆ ಸಂಬಂಧಿಸಿದವಲ್ಲ. ವಿದ್ಯುತ್ತಿನ ಕಡೆಯಿಂದ ನೋಡಬೇಕಾದುದು ಇಂಧನವನ್ನು ತಡೆಯುವ ಸೊಲೆನಾಯ್ಡ್. ಕೆಲವು ಎಂಜಿನ್ನುಗಳಲ್ಲಿ ಸ್ಟಾಪ್ ಕೇಬಲ್ಲಿನ ಜಾಗವನ್ನು ಇದು ತೆಗೆದುಕೊಂಡಿದೆ. ಇದಕ್ಕೆ ವಿದ್ಯುತ್ ಬಾರದಿದ್ದರೆ ಡೀಸೆಲ್ ಹರಿಯದು.

ಭಾರತ್ ಸ್ಟೇಜ್ 6 ನಿಯಮಗಳು ದೇಶದಾದ್ಯಂತ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ತಯಾರಾದ ಲಾರಿಗಳಲ್ಲಿ ಇಂಧನದ ಪ್ರಮಾಣ ಮತ್ತು ಸಮಯವನ್ನು ಇಸಿಯು ಎಂಬ ಗಣಕ ಘಟಕ ನಿರ್ಧರಿಸುತ್ತದೆ. ಎಂಜಿನ್ ತಿರುಗುತ್ತಿರುವುದನ್ನು ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕೆಟ್ಟರೆ, ಇಸಿಯುವಿನ ಫ್ಯೂಸ್ ಸುಟ್ಟರೆ, ಅಥವಾ ಸೆಲ್ಫ್ ತಿರುಗುವಾಗ ವೋಲ್ಟೇಜ್ ಬಹಳ ಇಳಿದರೆ ಇಂಧನ ಸಿಂಪಡಣೆಯೇ ಆಗದು. ಇವುಗಳಿಗೆ ದೋಷಸಂಕೇತ ಓದುವ ಯಂತ್ರ ಬೇಕಾಗುತ್ತದೆ. ಆದರೂ ಫ್ಯೂಸ್ ಮತ್ತು ಅರ್ಥ್ ನೋಡುವ ಕೆಲಸ ಇಲ್ಲಿಯೂ ಮೊದಲನೆಯದೇ.

ಅಪಾಯಗಳು

ಸೊಲೆನಾಯ್ಡಿನ ಎರಡು ಬೋಲ್ಟುಗಳಿಗೆ ಸ್ಪ್ಯಾನರ್ ಅಡ್ಡ ಇಟ್ಟು ಸೆಲ್ಫ್ ತಿರುಗಿಸುವ ಅಭ್ಯಾಸ ವ್ಯಾಪಕವಾಗಿದೆ. ಗೇರಿನಲ್ಲಿ ನಿಂತ ಲಾರಿ ಹೀಗೆ ಚಾಲನೆಗೊಂಡರೆ ಕೆಳಗೆ ಮಲಗಿದವನ ಮೇಲೆಯೇ ಹರಿಯುತ್ತದೆ. ನ್ಯೂಟ್ರಲ್ ಸುರಕ್ಷತಾ ಸ್ವಿಚ್ಚನ್ನು ಈ ವಿಧಾನ ದಾಟಿಬಿಡುವುದರಿಂದ ಅದರ ರಕ್ಷಣೆಯೂ ಇರದು. ಯಾವುದೇ ಪರೀಕ್ಷೆಗೆ ಮೊದಲು ಗೇರ್ ನ್ಯೂಟ್ರಲ್‌ನಲ್ಲಿರುವುದನ್ನು ಕ್ಯಾಬಿನ್ನಿಗೆ ಹತ್ತಿ ನೋಡಿ, ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಡುವುದನ್ನು ಬಿಡಬಾರದು.

ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ತಲುಪಿದರೆ ಒಂದು ಕಿಡಿಗೆ ಸಿಡಿಯಬಲ್ಲದು. ರಾತ್ರಿ ವೇಳೆ ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರುವುದು, ಬೀಡಿ ಕಚ್ಚಿಕೊಂಡು ಬ್ಯಾಟರಿಯ ಮೇಲೆ ಬಾಗುವುದು ಕಣ್ಣಿಗೇ ಕುತ್ತು. ಆಮ್ಲ ತಾಗಿದರೆ ಕೂಡಲೇ ಹೆಚ್ಚು ನೀರಿನಿಂದ ಬಹಳ ಹೊತ್ತು ತೊಳೆಯಬೇಕು. ಕಣ್ಣಿಗೆ ತಾಗಿದ್ದರೆ ತೊಳೆದ ನಂತರ ವೈದ್ಯರಲ್ಲಿಗೆ ಹೋಗಲೇಬೇಕು. ತಂತಿ ಕಳಚುವಾಗ ಮೊದಲು ಋಣ ಧ್ರುವವನ್ನೂ, ಜೋಡಿಸುವಾಗ ಅದನ್ನು ಕೊನೆಗೂ ಮುಟ್ಟಬೇಕು. ಉಂಗುರ, ಲೋಹದ ಕೈಗಡಿಯಾರ ತೆಗೆದಿಡುವುದು ಒಳ್ಳೆಯದು.

ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ಮುಂದಿನ ಪ್ರಯತ್ನಕ್ಕೆ ಮೊದಲು ಅರ್ಧ ನಿಮಿಷವಾದರೂ ಬಿಡಬೇಕು. ಆತುರದಲ್ಲಿ ಮತ್ತೆ ಮತ್ತೆ ತಿರುಗಿಸಿ, ಕೆಡದಿದ್ದ ಆರ್ಮೇಚರನ್ನೂ ಸುಟ್ಟುಕೊಂಡವರಿದ್ದಾರೆ.

ಬೇರೆ ಲಾರಿಯ ನೆರವು ಮತ್ತು ತಳ್ಳುವುದು

ಇನ್ನೊಂದು ಲಾರಿಯ ಬ್ಯಾಟರಿಯಿಂದ ಜಂಪರ್ ಕೇಬಲ್ ಹಾಕುವಾಗ ಎರಡರ ವೋಲ್ಟೇಜ್ ಒಂದೇ ಆಗಿರಬೇಕು. 12 ವೋಲ್ಟಿನ ವಾಹನಕ್ಕೆ 24 ಕೊಟ್ಟರೆ ಅದರ ಇಲೆಕ್ಟ್ರಾನಿಕ್ ಭಾಗಗಳು ಸುಡುತ್ತವೆ. ಧನಕ್ಕೆ ಧನವನ್ನು ಕೂಡಿಸಿದ ಮೇಲೆ ಋಣದ ಕೊನೆಯ ತುದಿಯನ್ನು ನಿಂತ ಲಾರಿಯ ಬ್ಯಾಟರಿಗೆ ಹಾಕದೆ, ದೂರದ ಎಂಜಿನ್ ಲೋಹಕ್ಕೆ ಹಾಕುವುದು ಕಿಡಿಯನ್ನು ಬ್ಯಾಟರಿಯಿಂದ ದೂರವಿಡಲು.

ಹಳೆಯ ಲಾರಿಗಳನ್ನು ಚಾಲಕರು ಇಳಿಜಾರಿನಲ್ಲಿ ನಿಲ್ಲಿಸಿ ಬೆಳಿಗ್ಗೆ ಉರುಳಿಸಿಯೇ ಚಾಲನೆ ಮಾಡುತ್ತಿದ್ದರು. ಗುಡ್ಡವೊಂದನ್ನು ಬಿಟ್ಟರೆ ಸುತ್ತಲೂ ಬಯಲೇ ಆದ ನರಗುಂದದ ಸೀಮೆಯಲ್ಲಿ ಆ ಅನುಕೂಲವೂ ಕಡಿಮೆ, ಟ್ರ್ಯಾಕ್ಟರಿನಿಂದ ಎಳೆಸಬೇಕಾಗುತ್ತದೆ. ಇಸಿಯು ಇರುವ ಲಾರಿಯ ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಎಷ್ಟು ಎಳೆದರೂ ಫಲವಿಲ್ಲ. ಗಾಳಿ ಬ್ರೇಕಿನ ಟ್ಯಾಂಕು ಖಾಲಿಯಾದಾಗ ಸ್ಪ್ರಿಂಗ್ ಬ್ರೇಕ್ ತಾನಾಗಿ ಬಿಗಿದುಕೊಳ್ಳುವುದರಿಂದ ಲಾರಿ ಅಲುಗುವುದೂ ಇಲ್ಲ.

ಸುಗ್ಗಿಯ ನಡುವೆ ನಿಂತ ಲಾರಿ

ಸುಗ್ಗಿಯ ಸಾಗಣೆಯನ್ನೇ ನೆಚ್ಚಿದ ಲಾರಿಗಳು ವರ್ಷದಲ್ಲಿ ಕೆಲವು ವಾರಗಳು ನಿಂತೇ ಇರುತ್ತವೆ. ನಿಂತ ಬ್ಯಾಟರಿ ತಾನಾಗಿಯೇ ಚಾರ್ಜು ಕಳೆದುಕೊಳ್ಳುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಜೊತೆಗೆ ವಾಹನದ ಸ್ಥಾನ ತಿಳಿಸುವ ಜಿಪಿಎಸ್ ಸಾಧನ, ಆರಿಸಲು ಮರೆತ ಕ್ಯಾಬಿನ್ ದೀಪ ಮುಂತಾದವು ಸದ್ದಿಲ್ಲದೆ ಸೆಳೆಯುತ್ತಿರುತ್ತವೆ. ಅರ್ಧ ಆಂಪಿಯರ್ ಸೋರಿಕೆ ಎಂದರೆ ದಿನಕ್ಕೆ 12 ಆಂಪಿಯರ್-ಗಂಟೆ. 120 ಆಂಪಿಯರ್-ಗಂಟೆಯ ಬ್ಯಾಟರಿ ಹತ್ತು ದಿನಕ್ಕೆ ಬರಿದು. ಬರಿದಾಗಿಯೇ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಮುಂದೆ ಚಾರ್ಜು ಮಾಡಿದರೂ ಅದು ಪೂರ್ಣ ಶಕ್ತಿ ಹಿಡಿಯದು.

ಆದ್ದರಿಂದ ಲಾರಿಯನ್ನು ಬಹುದಿನ ನಿಲ್ಲಿಸುವಾಗ ಮುಖ್ಯ ಸ್ವಿಚ್ ಆರಿಸುವುದು ಅಥವಾ ಋಣ ಧ್ರುವದ ತಂತಿ ಬಿಚ್ಚುವುದು ಒಳ್ಳೆಯದು. ಬ್ಯಾಟರಿಯನ್ನು ತಿಂಗಳಿಗೊಮ್ಮೆ ಹೊರಗಿನ ಚಾರ್ಜರಿನಿಂದ ಪೂರ್ಣ ಚಾರ್ಜು ಮಾಡಬೇಕು. ಎರಡು ದಿನಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವ ರೂಢಿಯಿಂದ ಪ್ರಯೋಜನ ಕಡಿಮೆ. ನಿಧಾನಗತಿಯಲ್ಲಿ ಓಡುವ ಎಂಜಿನ್ ಆ ಅವಧಿಯಲ್ಲಿ ಬ್ಯಾಟರಿಯನ್ನು ಪೂರ್ಣ ತುಂಬಿಸಲಾರದು. ಕಾಳಿನ ಚೀಲ ಹೊತ್ತ ಲಾರಿಗೆ ಇಲಿಗಳ ಕಾಟವೂ ಉಂಟು. ಬಹುದಿನ ನಿಂತ ಲಾರಿಯಲ್ಲಿ ಸೆಲ್ಫಿನ ಸಣ್ಣ ತಂತಿ, ಸೆನ್ಸರಿನ ತಂತಿಗಳ ಮೇಲ್ಪದರವನ್ನು ಇಲಿ ಕಡಿದಿದೆಯೇ ಎಂದು ಮುಖ್ಯ ಸ್ವಿಚ್ ಹಾಕುವ ಮೊದಲೇ ನೋಡಬೇಕು. ಕಡಿದ ಎರಡು ತಂತಿಗಳು ಒಂದನ್ನೊಂದು ತಾಗಿದ್ದರೆ ಸ್ವಿಚ್ ಹಾಕಿದ ಕ್ಷಣದಲ್ಲಿಯೇ ವೈರಿಂಗ್ ಹೊತ್ತಿಕೊಳ್ಳಬಹುದು.